ಹಿರಿಯರ ಜಾಗದಲ್ಲಿ ಸಯಕಲ್

"ಈ ಮಗುವನ್ನ ಗಣಿತ ಕಲಿಸೋಕೆ ಇಟ್ಕೊಂಡಿದೀರೋ, ಚಹಾ ಬಗ್ಗಿಸೋಕೋ?"

ಶಾಲೆಯ ಕೋಣೆಯಲ್ಲಿ ಪಾಠ ಹೇಳುತ್ತಿದ್ದ ಬೆಗಿಮಾಯ್ ಬೆಚ್ಚಿ ತಿರುಗಿದಳು. ಬಾಗಿಲಲ್ಲಿ ಎತ್ತರದ ಗಂಡಸೊಬ್ಬ ನಿಂತಿದ್ದ. ದೊಲೊನ್ ಬೆಟ್ಟದ ಕಣಿವೆ ದಾಟಿ ಬಂದವನ ಕೋಟಿನ ಮೇಲೆ ಹಿಮದ ಹುಡಿ ಇನ್ನೂ ಕರಗಿರಲಿಲ್ಲ. ಪ್ರತಿಭಾವಂತ ಮಕ್ಕಳನ್ನು ಹುಡುಕಿ, ರಾಜಧಾನಿ ಬಿಷ್ಕೆಕ್‌ನ ವಸತಿಶಾಲೆಗೆ ಕರೆದೊಯ್ದು, ಒಬ್ಬೊಬ್ಬರನ್ನೇ ಸ್ಪರ್ಧೆಗೆ ತಯಾರು ಮಾಡುವ ತಿಲೆಕ್ ಅಗಾಯ್ ಇವನೇ! ನಮ್ಮ ಈ ನಾರಿನ್ ಊರಿನಲ್ಲಿ ಮೇಷ್ಟ್ರುಗಳಿಗೆಲ್ಲ ಅಗಾಯ್ ಅನ್ನುತ್ತೇವೆ. ಇವನಿಗೆ ಮಾತ್ರ ಆ ಮರ್ಯಾದೆ ಕೊಡಲು ಆ ಕ್ಷಣ ಅವಳಿಗೆ ಮನಸ್ಸಾಗಲಿಲ್ಲ.

"ಒಳಗೆ ಬರೋ ಮುಂಚೆ ನಮಸ್ಕಾರ ಹೇಳೋ ಪದ್ಧತಿ ರಾಜಧಾನೀಲಿ ಇಲ್ವಾ?" ಎಂದಳು.

ಅವನ ಕಣ್ಣು ಮಕ್ಕಳ ಕಡೆ ಹೊರಳಿತು. ಕಂಬಳಿಯ ಮೇಲೆ ಮೂವರು ಮಕ್ಕಳು ಕೂತಿದ್ದರು. ಬಾಗಿಲಿಗೆ ಎದುರಿನ ಗೌರವದ ಜಾಗದಲ್ಲಿ, ನಾವು ತೋರ್ ಅನ್ನುವ ಹಿರಿಯರ ಜಾಗದಲ್ಲಿ, ದೊಡ್ಡವನಾದ ಅಜಮತ್. ಪಕ್ಕದಲ್ಲಿ ಚಿತ್ರ ಬಿಡಿಸುವ ಮೀರಿಮ್. ಬಾಗಿಲ ಹತ್ತಿರ, ಕೆಟಲ್ ಹಿಡಿದು, ಎಲ್ಲರಿಗಿಂತ ಚಿಕ್ಕವಳಾದ ಸಯಕಲ್.

"ಕಳೆದ ವರ್ಷ ಜಿಲ್ಲೆಯ ಪರೀಕ್ಷೇಲಿ ಇವಳು ಬರೆದ ಉತ್ತರ ನೋಡಿ ಮೂರು ದಿನ ನಿದ್ದೆ ಮಾಡಿಲ್ಲ ನಾನು," ಎಂದ ತಿಲೆಕ್. "ಅಂಥವಳು ನಿಮ್ಮ ಗುಂಪಲ್ಲಿ ಬಾಯೇ ಬಿಡ್ತಿಲ್ಲ. ನಾಳೆ ಇವಳನ್ನ ನನ್ನ ಜೊತೆ ಕರ್ಕೊಂಡು ಹೋಗ್ತೀನಿ."

ಸಯಕಲ್ ಕೈಯಲ್ಲಿದ್ದ ಚಹಾ ಬಟ್ಟಲನ್ನು ಕೆಳಗಿಟ್ಟು ಬೆಗಿಮಾಯ್ ಕಡೆ ನೋಡಿದಳು.

ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳು ಅವನನ್ನು ಬೈದುಕೊಂಡಳು. 'ಅಹಂಕಾರಿ! ಮಗು ಅಂದರೆ ಪದಕ ಗೆಲ್ಲೋ ಯಂತ್ರ ಅಂದ್ಕೊಂಡಿದ್ದಾನೆ...' ಆದರೆ ಬೈಗುಳ ಮುಗಿದ ಮೇಲೆ ಅವನ ಮಾತು ಮುಳ್ಳಿನಂತೆ ಚುಚ್ಚತೊಡಗಿತು. ಸಯಕಲ್ ಗುಂಪಿನಲ್ಲಿ ಬಾಯಿ ಬಿಟ್ಟಿದ್ದು ಯಾವಾಗ? ನೆನಪಿಗೇ ಬರುತ್ತಿಲ್ಲ!

ತಾನೂ ಮನೆಯ ಕಿರಿಮಗಳು. ದೊಡ್ಡವರು ಮಾತಾಡುವಾಗ ಚಹಾ ಬಗ್ಗಿಸುತ್ತ, ಎಷ್ಟೋ ಮಾತುಗಳನ್ನು ನುಂಗಿಕೊಂಡೇ ಬೆಳೆದವಳು. ಚಿಕ್ಕವರು ಬಾಗಿಲ ಹತ್ತಿರ ಕೂರಬೇಕು, ಕೇಳುವ ತನಕ ಮಾತಾಡಬಾರದು. ಇದು ನಮ್ಮ ರಕ್ತದಲ್ಲೇ ಇದೆ ನೋಡಿ, ಹಾಗಾಗಿ ಕಣ್ಣಿಗೇ ಬೀಳುವುದಿಲ್ಲ. ಒಳ್ಳೆಯ ಮಕ್ಕಳನ್ನು ಒಟ್ಟಿಗೆ ಕೂರಿಸಿದರೆ ಸಾಕು, ಅವರೇ ಕಲಿಯುತ್ತಾರೆ ಎಂದು ನಂಬಿದ್ದಳು. ಯಾರು ಎಲ್ಲಿ ಕೂತಿದ್ದಾರೆ ಎಂದು ಒಂದು ದಿನವೂ ನೋಡಿರಲಿಲ್ಲ.

'ನನ್ನ ಕೈಯಾರೆ ಆ ಮಗುವಿನ ಬಾಯಿ ಮುಚ್ಚಿಸಿದೆನಲ್ಲಾ!' ಅವಳ ಕಣ್ಣು ತುಂಬಿ ಬಂತು.

ಬೇರೆಯವರಾಗಿದ್ದರೆ ಅವಮಾನಕ್ಕೆ ಮುಖ ತಿರುಗಿಸಿಕೊಂಡು ಕೂರುತ್ತಿದ್ದರು. ಬೆಗಿಮಾಯ್ ಹಾಗಲ್ಲ. ಬೆಳಿಗ್ಗೆ ಶಾಲೆಯ ಮೆಟ್ಟಿಲ ಮೇಲೆ ತಿಲೆಕ್‌ನ ದಾರಿಗೆ ಅಡ್ಡ ನಿಂತಳು.

"ತಪ್ಪು ನಂದು. ಒಪ್ಕೊಂಡೆ. ಆದ್ರೆ ತಪ್ಪಿರೋದು ಗುಂಪಲ್ಲಿ ಅಲ್ಲ, ಅದನ್ನ ಕೂರಿಸಿದ ರೀತೀಲಿ. ಒಂದೇ ಒಂದು ಪಾಠ ನೋಡಿ. ಲೆಕ್ಕ ನೀವೇ ಕೊಡಿ."

"ಗುಂಪು ಸೋತ್ರೆ?"

"ಸಯಕಲ್ ನಿಮ್ಮ ಜೊತೆ ಬರ್ತಾಳೆ."

ಅವನು ಅವಳ ಮುಖವನ್ನೇ ನೋಡಿದ. ತಪ್ಪನ್ನು ಇಷ್ಟು ನೇರವಾಗಿ ಒಪ್ಪಿಕೊಂಡವರನ್ನು ಅವನು ಈವರೆಗೆ ಕಂಡಿರಲಿಲ್ಲ. "ಸರಿ. ನಾರಿನ್ ನದಿ ದಾಟದೆ ಅದರ ಅಗಲ ಎಷ್ಟು ಅಂತ ಹೇಳ್ಲಿ."

ಕೋಣೆಯಲ್ಲಿ ಬೆಗಿಮಾಯ್ ಕೆಟಲನ್ನು ಅಜಮತ್‌ನ ಕೈಗೆ ಕೊಟ್ಟಳು.

"ಇವತ್ತು ತೋರ್‌ನಲ್ಲಿ ಸಯಕಲ್. ಅಲ್ಲಿ ಕೂತೋರೇ ಇವತ್ತಿನ ಹಿರಿಯರು. ನಾಳೆ ಮೀರಿಮ್, ಆಮೇಲೆ ಮತ್ತೆ ನೀನು."

"ಎಜೆ!" ಅಜಮತ್ ಕಿರುಚಿದ. ಅಕ್ಕ ಎಂದರೂ ಟೀಚರ್ ಎಂದರೂ ನಮ್ಮಲ್ಲಿ ಒಂದೇ ಮಾತು. "ಈ ಕುಳ್ಳಿಗೆ ನಾನು ಚಹಾ ಬಗ್ಗಿಸೋದಾ? ನಮ್ಮಜ್ಜಂಗೆ ಗೊತ್ತಾದ್ರೆ ಕುದುರೆ ಹತ್ತೋಕೂ ಬಿಡಲ್ಲ!"

"ನಿಮ್ಮಜ್ಜ ಬಂದ್ರೂ ಇಲ್ಲಿ ಸರದಿ ಪ್ರಕಾರಾನೇ. ಮೊದಲು ಹಿರಿಯರು ಮಾತಾಡ್ಲಿ."

ಸಯಕಲ್ ತೋರ್‌ನಲ್ಲಿ ಮುದುರಿ ಕೂತಳು. ಕೆನ್ನೆ ಕೆಂಪಾಯಿತು... ಊಹೂಂ, ಒಂದು ಮಾತೂ ಇಲ್ಲ. ತಿಲೆಕ್‌ಗೆ ತಡೆಯಲಾಗಲಿಲ್ಲ. ಏನೋ ಹೇಳಲು ಮುಂದೆ ಬಾಗಿದ. ಬೆಗಿಮಾಯ್ ಥಟ್ಟನೆ ಅವನ ಕೈ ಹಿಡಿದಳು.

"ಕಾಯಿರಿ," ಎಂದು ಪಿಸುಗುಟ್ಟಿದಳು.

ಅವಳ ಕೈ ತಣ್ಣಗಿತ್ತು. 'ನನಗಿಂತ ಹೆಚ್ಚು ಭಯ ಇವಳಿಗೇ ಇದೆ. ಆದರೂ ಕಾಯ್ತಿದ್ದಾಳೆ...' ತಿಲೆಕ್ ಕೈ ಬಿಡಿಸಿಕೊಳ್ಳಲಿಲ್ಲ.

"ಆ ದಡದಲ್ಲಿ ಒಂದು ಮರ ಇದೆ," ಸಯಕಲ್‌ಳ ದನಿ ಕೇಳಿಸಿದ್ದೇ ಕಷ್ಟ. "ಅದರ ಎದುರಿಂದ ದಡದ ಉದ್ದಕ್ಕೂ ನಡೆದು ಒಂದು ಕೋಲು ನೆಡೋಣ. ಇನ್ನೂ ಅಷ್ಟೇ ದೂರ ಹೋಗಿ, ಆಮೇಲೆ ನದಿ ಬಿಟ್ಟು ಈ ಕಡೆಗೆ ನಡೀತಾ ಬರೋದು. ಕೋಲು, ಮರ ಎರಡೂ ಒಂದೇ ಗೆರೇಲಿ ಕಂಡ ತಕ್ಷಣ ನಿಲ್ಲೋದು. ಈ ಕಡೆಗೆ ಎಷ್ಟು ನಡೆದ್ವೋ ಅಷ್ಟೇ ನದಿ ಅಗಲ!"

ಮೀರಿಮ್ ಆಗಲೇ ಚಿತ್ರ ಬಿಡಿಸಿದ್ದಳು. "ಮರದ ಎದುರಿನ ಮೂಲೆ, ನದಿ ಬಿಟ್ಟು ತಿರುಗೋ ಮೂಲೆ, ಎರಡೂ ಪುಸ್ತಕದ ಮೂಲೆ ಥರ ಸರಿಯಾಗಿರ್ಬೇಕು. ಇಲ್ದಿದ್ರೆ ಲೆಕ್ಕ ಕೆಡುತ್ತೆ."

"ಆದ್ರೂ ತಪ್ಪು ಕಣೇ!" ಅಜಮತ್ ಕೆಟಲ್ ಕೆಳಗಿಟ್ಟ. "ಆ ಮರದ ಹತ್ರ ದಡ ಬಿಲ್ಲಿನ ಹಾಗೆ ಬಾಗಿದೆ, ನೇರ ನಡೆಯೋಕೇ ಆಗಲ್ಲ. ನಾವು ಕುದುರೆಗೆ ನೀರು ಕುಡಿಸೋ ಜಾಗಕ್ಕೆ ಬಾ, ಅಲ್ಲಿ ನೆಟ್ಟಗಿದೆ. ಎದುರಿಗೆ ದೊಡ್ಡ ಬಂಡೇನೂ ಇದೆ."

ಸಯಕಲ್ ಅವನನ್ನೇ ನೋಡಿದಳು. ಮುಖ ಚಿಕ್ಕದಾಗಲಿಲ್ಲ, ಅರಳಿತು! "ಹೌದಲ್ವಾ! ನಾನು ಅದನ್ನ ಯೋಚ್ನೇನೇ ಮಾಡಿರ್ಲಿಲ್ಲ. ನಡಿ, ಹೋಗೋಣ!"

"ಚಳಿಗಾಲ ಆಗಿದ್ರೆ ಹೆಪ್ಪುಗಟ್ಟಿದ ನದಿ ಮೇಲೇ ನಡ್ಕೊಂಡು ಹೋಗಿ ಅಳೀತಿದ್ವಿ," ಎಂದು ಅಜಮತ್ ಗೊಣಗಿದ. ಮೂವರೂ ನಗುತ್ತ ಓಡಿದರು.

ದಡದಲ್ಲಿ ಎರಡು ಸಲ ಅಳೆದರು. ಎರಡು ಸಲವೂ ಒಂದೇ ಉತ್ತರ. ಮೂವರೂ ಕೈ ಹಿಡಿದು ಕುಣಿದರು. ಆ ಮೂರು ಮಕ್ಕಳನ್ನು ನೋಡಿ ಹೆಮ್ಮೆಪಡದವರಿದ್ದರೆ ಅವರ ಎದೆಯಲ್ಲಿ ಏನಿದೆಯೋ ನನಗಂತೂ ಗೊತ್ತಿಲ್ಲ.

ತಿಲೆಕ್ ಮಾತ್ರ ದೂರ ನಿಂತಿದ್ದ. ಬೆಗಿಮಾಯ್ ಹತ್ತಿರ ಹೋದಳು. ಅವನ ಕಣ್ಣು ಒದ್ದೆಯಾಗಿತ್ತು!

"ಏನಾಯ್ತು, ಅಗಾಯ್?"

"ಸಯಕಲ್‌ಳಷ್ಟು ಚಿಕ್ಕವನಿದ್ದಾಗ ನನ್ನನ್ನೂ ಕರ್ಕೊಂಡು ಹೋದ್ರು. ಒಂದು ಕೋಣೆ, ಒಂದು ಮೇಜು. ಪದಕ ಬಂತು, ಎಲ್ಲರೂ ಚಪ್ಪಾಳೆ ತಟ್ಟಿದ್ರು." ಅವನು ಕುಣಿಯುವ ಮಕ್ಕಳ ಕಡೆ ನೋಡಿದ. "ಆದ್ರೆ 'ತಪ್ಪು ಕಣೋ, ಬಾ ಈ ಕಡೆ' ಅಂತ ಕರೆಯೋಕೆ ಒಬ್ಬ ಗೆಳೆಯನೂ ಇರ್ಲಿಲ್ಲ ಬೆಗಿಮಾಯ್. ಆ ಹುಡುಗೀಗೂ ಅದನ್ನೇ ಮಾಡೋಕೆ ಹೊರಟಿದ್ದೆ. ಅದನ್ನೇ ಉಪಕಾರ ಅಂದ್ಕೊಂಡಿದ್ದೆ..."

ಬೆಗಿಮಾಯ್‌ಳ ಸಿಟ್ಟೆಲ್ಲ ಎಲ್ಲಿ ಹೋಯಿತೋ! 'ಅಹಂಕಾರಿ ಅಂದುಕೊಂಡಿದ್ದೆ. ಇವನು ಒಂಟಿ...'

"ಹಾಗಾದ್ರೆ ಸಯಕಲ್?" ಅವಳು ಕೇಳಿದಳು.

"ಇಲ್ಲೇ ಇರ್ತಾಳೆ. ಅವಳ ಅಮ್ಮನ ಹತ್ರ, ಈ ಜಗಳಗಂಟ ಅಜಮತ್ ಹತ್ರ, ನಿಮ್ಮ ಹತ್ರ. ಸ್ಪರ್ಧೆಗೆ ಮೂವರೂ ಒಂದೇ ತಂಡವಾಗಿ ಬರ್ಲಿ. ತಯಾರಿಗೆ ನಾನೇ ಇಲ್ಲಿಗೆ ಬರ್ತೀನಿ, ವಾರ ವಾರ."

ತಡೆಯಲಾಗದೆ ಬೆಗಿಮಾಯ್ ಅತ್ತೇಬಿಟ್ಟಳು. ಅಳುತ್ತಲೇ ನಕ್ಕಳು.

"ವಾರ ವಾರಾನಾ? ಕಣಿವೇಲಿ ಹಿಮ ಬಿದ್ರೆ ದಾರೀನೇ ಮುಚ್ಚಿ ಹೋಗುತ್ತೆ!"

"ತೆರೆಯೋವರೆಗೂ ಕಾಯ್ತೀನಿ. ಕಾಯೋದನ್ನ ಇವತ್ತು ಕಲಿಸಿದ್ರಲ್ಲ."

"ಅಷ್ಟು ಕಷ್ಟ... ಬರೀ ಮಕ್ಕಳಿಗೋಸ್ಕರಾನಾ?"

ಅವನು ನದಿಯನ್ನು ನೋಡಿದ. ಆಮೇಲೆ ಅವಳನ್ನು.

"ಬರೀ ಮಕ್ಕಳಿಗೋಸ್ಕರ ಅಂದ್ರೆ ನಂಬ್ತೀರಾ?"

ಬೆಗಿಮಾಯ್ ನಾಚಿ ತಲೆ ತಗ್ಗಿಸಿದಳು. "ಇಲ್ಲ."

"ನಾನೂ ನಂಬಲ್ಲ," ಎಂದ ತಿಲೆಕ್.