ಶುಕ್ರವಾರ ಪರದೆಯಲ್ಲಿ ಮೂಡಿದ್ದು

ಅಕ್ಕ ಚಾದರದ ಒಂದು ತುದಿ ಹಿಡಿದಳು, ನಾನು ಇನ್ನೊಂದು. ಜಾಡಿಸಿ, ಸುಕ್ಕು ತೆಗೆದು, ಚಿಕ್ಕಮ್ಮನ ಮೇಲೆ ಹೊದಿಸಿದೆವು. ಶುಕ್ರವಾರ ಅವಳೇ ಇಸ್ತ್ರಿ ಮಾಡಿಟ್ಟ ಚಾದರ ಅದು. ಅಮ್ಮ ಹೋದ ಮೇಲೆ ನಮ್ಮಿಬ್ಬರನ್ನೂ ಸಾಕಿದವಳು ಅವಳು.

ಸೋಮವಾರ ಬೆಳಿಗ್ಗೆ ನಾವು ಮೂವರೂ ದುಡಿಯುವ ಲಾಂಡ್ರಿಯ ಬಾಯ್ಲರ್ ಸಿಡಿದು ಅವಳು ಸತ್ತಿದ್ದಳು. ಗೋಡೆಯಿಂದ ಬಿಸಿನೀರು ಇನ್ನೂ ಇಳಿಯುತ್ತಿತ್ತು.

"ಎಲ್ಲಾ ಇವಳಿಂದ!" ಸೂಪರ್‌ವೈಸರ್ ಅಕ್ಕನತ್ತ ಬೆರಳು ತೋರಿಸಿದ. ನಾವು ಅವನಿಗಿಟ್ಟ ಹೆಸರು ಗಡಿಬಿಡಿ. "ಬಾಯ್ಲರಿನ ಉಗಿ ಕವಾಟ ಬದಲಿಸೋ ತಾರೀಖು ಕಂಪ್ಯೂಟರಿಗೆ ಹಾಕೋದು ಇವಳ ಕೆಲಸ. ಹಾಕಿಲ್ಲ. ನಂಗೇನು ಕನಸು ಬೀಳುತ್ತಾ?"

"ಹಾಕಿದ್ದೆ," ಎಂದಳು ಅಕ್ಕ.

ಪೊಲೀಸ್ ಇನ್‌ಸ್ಪೆಕ್ಟರಮ್ಮ ಕಂಪ್ಯೂಟರಿನಲ್ಲಿ ಆ ತಾರೀಖುಗಳ ಫೈಲ್ ತೆರೆಸಿದರು. ಆ ಸಾಲು ಇರಲಿಲ್ಲ.

"ಸ್ಟೇಷನ್ನಿಗೆ ಬರಬೇಕಾಗುತ್ತಮ್ಮ," ಎಂದರು.



*

ಗಡಿಬಿಡಿಯ ಮೇಜಿನ ಮೇಲೆ ಕಂಪ್ಯೂಟರಿನ ಕಪ್ಪು ಕಿಟಕಿ ತೆರೆದೇ ಇತ್ತು. ದಿನಾ ಮನೆಗೆ ಹೊರಡುವ ಮುಂಚೆ ಅವನು ಅದರಲ್ಲಿ ಒಂದು ಪದ ಟೈಪ್ ಮಾಡುತ್ತಾನೆ. ಅಕ್ಕ ಫೈಲಿಗೆ ಹಾಕಿಟ್ಟ ಇಂದಿನ, ನಾಳೆಯ ಕೆಲಸಗಳು ಸಾಲಾಗಿ ಮೂಡುತ್ತವೆ. ಕಂಪ್ಯೂಟರನ್ನು ಮಾತ್ರ ಎಂದೂ ಆರಿಸುವುದಿಲ್ಲ. ಮತ್ತೆ ಹಚ್ಚಿದರೆ ಹೊತ್ತು ಹಿಡಿಯುತ್ತದಂತೆ.

"ಇದನ್ನ ಯಾವಾಗ ನೋಡಿದ್ರಿ?" ಇನ್‌ಸ್ಪೆಕ್ಟರಮ್ಮ ಕೇಳಿದರು.

"ಇವತ್ತು ಬೆಳಿಗ್ಗೆ. ನೋಡಿ, ಖಾಲಿ."

"ಶುಕ್ರವಾರ?"

"ಶುಕ್ರವಾರ ಶನಿವಾರದ್ದು ತಾನೇ ಬರೋದು ಮೇಡಂ? ಸೋಮವಾರದ್ದು ಎಲ್ಲಿಂದ ಬರ್ಬೇಕು?"

"ಸುಳ್ಳು!" ಎಂದೆ. ಎಲ್ಲರೂ ತಿರುಗಿದರು. "ಎರಡು ದಿನ ರಜಾ ಅಂತ ಶುಕ್ರವಾರ ಸೋಮವಾರದ್ದೂ ಬರುತ್ತೆ. 'ಸೋಮವಾರ ಏನಪ್ಪಾ ಕೆಲಸ?' ಅಂತ ಚಿಕ್ಕಮ್ಮ ಬಾಗಿಲಲ್ಲೇ ನಿಂತು ಕೇಳ್ತಿದ್ಲು. ನೀವೇ ಓದಿ ಹೇಳ್ತಿದ್ರಿ."

"ಕಸ ಗುಡಿಸೋಳು ಕಂಪ್ಯೂಟರ್ ಪಾಠ ಬೇರೆ ಮಾಡ್ತಾಳೆ!"

ಇನ್‌ಸ್ಪೆಕ್ಟರಮ್ಮ ನಗಲಿಲ್ಲ. ಕುರ್ಚಿ ಎಳೆದು ಕೂತರು. ಮೌಸಿನ ಚಕ್ರ ತಿರುಗಿಸಿದರು. ಸಾಲುಗಳು ಕೆಳಗೆ ಸರಿದವು. ಸೋಮವಾರದ ಖಾಲಿ ಜಾಗ ದಾಟಿತು. ಶುಕ್ರವಾರದ ತಾರೀಖು ಬಂತು. ಅದರಡಿ:

ಸೋಮವಾರ: ಕವಾಟ ಬದಲಿಸಲು ಮೆಕ್ಯಾನಿಕ್ ಬರುತ್ತಾನೆ. ಅಲ್ಲಿಯವರೆಗೆ ಬಾಯ್ಲರ್ ಹಚ್ಚಬಾರದು.

*

ಇನ್‌ಸ್ಪೆಕ್ಟರಮ್ಮ ಫೋನ್ ಮಾಡಿದಾಗ ಮೆಕ್ಯಾನಿಕ್ ಎಲ್ಲರಿಗೂ ಕೇಳುವಂತೆ ಹೇಳಿದ: "ಶುಕ್ರವಾರ ಸಂಜೆ ಆ ಸೂಪರ್‌ವೈಸರೇ ಬೇಡ ಅಂದ್ರು ಮೇಡಂ. ಆರ್ಡರ್ ಜಾಸ್ತಿ ಇದೆ, ಮುಂದಿನ ವಾರ ಬಾ ಅಂದ್ರು."

"ಸಿಡಿದ ಮೇಲೆ ಓಡಿಬಂದು ಫೈಲಿಂದ ಆ ಸಾಲು ಅಳಿಸಿದ್ರಿ," ಇನ್‌ಸ್ಪೆಕ್ಟರಮ್ಮ ಗಡಿಬಿಡಿಗೆ ಹೇಳಿದರು. "ಮತ್ತೆ ಪದ ಟೈಪ್ ಮಾಡಿದ್ರಿ, ಖಾಲಿ ಬಂತು. ನೆಮ್ಮದಿ. ಆದ್ರೆ ಮುಂಚೆ ಮೂಡಿದ್ದು ಕಿಟಕಿ ಮುಚ್ಚೋವರೆಗೂ ಮೇಲೆ ಹಾಗೇ ಇರುತ್ತೆ. ಮುಚ್ಚೋಕೂ ನಿಮಗೆ ಪುರುಸೊತ್ತಿಲ್ಲ. ಗೊತ್ತಿದ್ದೂ ಬಾಯ್ಲರ್ ಹಚ್ಚಿಸಿದ್ರಿ."

"ಒಂದು ವಾರದ ಮಾತು ಮೇಡಂ... ಏನೂ ಆಗಲ್ಲ ಅಂದ್ಕೊಂಡೆ."

"ಏನೂ ಆಗ್ಲಿಲ್ಲವಲ್ಲ ನಿಂಗೆ!" ಅಕ್ಕ ಕಿರುಚಿದಳು.

ಅವನನ್ನು ಕರೆದೊಯ್ದರು. ಲಾಂಡ್ರಿಯ ಯಜಮಾನರು ಅಂಗಳದಲ್ಲಿ ನಿಂತು, ಉಳಿದ ಬಟ್ಟೆಗೆ ಬೇರೆ ಲಾಂಡ್ರಿ ಹುಡುಕಲು ಫೋನ್ ಮಾಡುತ್ತಿದ್ದರು. ಚಿಕ್ಕಮ್ಮನನ್ನು ಹೊರಗೆ ತಂದರು. ಚಾದರ ಗಿಡ್ಡವಾಗಿತ್ತು. ಬರಿಗಾಲು ಕಾಣುತ್ತಿತ್ತು. ಬಾಯ್ಲರ್ ಕೋಣೆಗೆ ಪೊಲೀಸರು ಹಗ್ಗ ಕಟ್ಟಿದ್ದರು.

"ಅವಳ ಚಪ್ಪಲಿ ಒಳಗಿದೆ," ಎಂದೆ. "ಯಾರಾದ್ರೂ ತಂದ್ಕೊಡ್ತೀರಾ?"