ಹನ್ನೆರಡನೇ ಸಾಲು

"ಇನ್ನೊಂದು ಸಲ ಆ ಮಾತು ಹೇಳಿದ್ರೆ ಈ ಸ್ಲೈಡಿನ ಟ್ರೇ ನಿನ್ನ ತಲೆ ಮೇಲೆ ಸುರೀತೀನಿ ನೋಡು," ಎಂದಳು ಅವಳು.

"ಯಾವ ಮಾತು?"

"'ನಿನ್ನಿಷ್ಟ' ಅನ್ನೋ ಮಾತು!"

ಅವನು ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯಲಿಲ್ಲ. ಕೆನ್ನೆಯಲ್ಲಿ ಮಾತ್ರ ಒಂದು ಸಣ್ಣ ಗುಳಿ ಬಿದ್ದು ಮಾಯವಾಯಿತು. ಮೂರು ವರ್ಷದಿಂದ ಅದೇ ಬೆಂಚಿನ ಎದುರು ಬದಿಯಲ್ಲಿ ಕೂತು ರಕ್ತದ ಸ್ಲೈಡು ನೋಡುವ ಅವಳು ಆ ಗುಳಿಗಾಗಿ ಎಷ್ಟೋ ಸಲ ಬೇಕೆಂದೇ ಪೆದ್ದು ಜೋಕು ಹೇಳಿದ್ದಳು. ಇವತ್ತು ಅದನ್ನು ಕಂಡರೂ ಮೈ ಉರಿಯಿತು.

ಕೆಲಸ ಮಾಡಿಕೊಂಡೇ ಮೂರನೇ ಸಲ ಪರೀಕ್ಷೆ ಬರೆದವಳಿಗೆ ಒಂದಕ್ಕೆರಡು ಮೆಡಿಕಲ್ ಸೀಟು ಸಿಕ್ಕಿತ್ತು. ಒಂದು ಇದೇ ಊರಿನ ಹೊಸ ಕಾಲೇಜು. ಬಸ್ಸಿನಲ್ಲಿ ಇಪ್ಪತ್ತು ನಿಮಿಷ. ಆದರೆ ಅದರ ಆಸ್ಪತ್ರೆಯ ಹಾಸಿಗೆಗಳು ಇನ್ನೂ ಪ್ಲಾಸ್ಟಿಕ್ ಕವರಿನಲ್ಲೇ ಇದ್ದವು. ಇನ್ನೊಂದು ರೈಲಿನಲ್ಲಿ ಹದಿನಾಲ್ಕು ಗಂಟೆ ದೂರದ ಹಳೆಯ ಕಾಲೇಜು. ಅಲ್ಲಿ ರೋಗಿಗಳು ವರಾಂಡದಲ್ಲೂ ಮಲಗುತ್ತಿದ್ದರು. ಕಲಿಯುವವರಿಗೆ ಕಣ್ಣಿದ್ದರೆ ಸಾಕು. ಇವತ್ತು ಸಂಜೆ ಐದರೊಳಗೆ ಒಂದನ್ನು ಒಪ್ಪಿಕೊಳ್ಳಬೇಕಿತ್ತು.

ಅಮ್ಮ "ಕಣ್ಣೆದುರಿಗೇ ಇರು" ಎಂದಿದ್ದಳು. ಅಪ್ಪ "ಓದಿದವಳು, ನಿಂಗೆ ಗೊತ್ತಿಲ್ವಾ" ಎಂದು ಪೇಪರಿನ ಹಿಂದೆ ಅಡಗಿದ್ದ. ಉಳಿದವನು ಇವನು, ಲ್ಯಾಬಿನವರೆಲ್ಲ 'ತಕ್ಕಡಿ' ಎಂದು ಕರೆಯುವವನು. ಟೀಯೋ ಕಾಫಿಯೋ ಎಂಬುದನ್ನೂ ತೂಗಿಯೇ ಕುಡಿಯುವ ಆಸಾಮಿ. ಅವಳಿಗಾಗಿ ಗ್ರಾಫ್ ಹಾಳೆಯಲ್ಲಿ ಹನ್ನೊಂದು ಸಾಲಿನ ಪಟ್ಟಿ ಮಾಡಿ, ಎರಡೂ ಕಾಲೇಜಿಗೆ ಹತ್ತರಲ್ಲಿ ಅಂಕ ಕೊಟ್ಟಿದ್ದ: ಹಾಸ್ಟೆಲಿನ ನೀರು, ಲೈಬ್ರರಿಯ ಸಮಯ, ಒಬ್ಬ ವಿದ್ಯಾರ್ಥಿಗೆ ಎಷ್ಟು ರೋಗಿಗಳು...

"ಇದರಲ್ಲಿ ಏನೋ ಬಿಟ್ಟಿದೀಯ."

"ಊಟ ತಾನೇ? ಏಳನೇ ಸಾಲು ನೋಡು."

"ಅಯ್ಯೋ, ನಿನ್ನ ತಲೆ!"

ಅವಳು ಡ್ರಾಯರಿನಿಂದ ಎರಡು ಚೀಟಿ ಎಳೆದಳು. ಆ ಲ್ಯಾಬಿನಲ್ಲಿ ಅವನೇ ತಂದ ಒಂದು ಪದ್ಧತಿಯಿತ್ತು. ಅನುಮಾನದ ಸ್ಲೈಡನ್ನು ಇಬ್ಬರು ಬೇರೆಬೇರೆಯಾಗಿ ನೋಡಿ, ಒಬ್ಬರಿಗೊಬ್ಬರು ಹೇಳದೆ ಚೀಟಿಯಲ್ಲಿ ಬರೆಯಬೇಕು. ಎರಡೂ ಹೊಂದದಿದ್ದರೆ ಒಂದೇ ಸ್ಲೈಡನ್ನು ಇಬ್ಬರು ನೋಡಬಹುದಾದ, ಮೂಲೆಯ ಜೋಡಿ ಮೈಕ್ರೋಸ್ಕೋಪಿಗೆ ಇಬ್ಬರೂ ಒಟ್ಟಿಗೆ ಕಣ್ಣಿಟ್ಟು ಕೂರಬೇಕು. ಒಮ್ಮತ ಬರುವ ತನಕ ಏಳುವ ಹಾಗಿಲ್ಲ.

"ಬರಿ. ಇದರಲ್ಲಿ 'ನಿನ್ನಿಷ್ಟ' ಅಂತ ರಿಪೋರ್ಟ್ ಕೊಡೋಕಾಗಲ್ಲ."

ಅವನು ಬಹಳ ಹೊತ್ತು ಪೆನ್ನಿನ ಮುಚ್ಚಳ ಕಚ್ಚಿದ. ಬರೆದ. ಅವಳೂ ಬರೆದಳು. ಇಬ್ಬರೂ ಚೀಟಿ ಬಿಚ್ಚಿದರು.

ಅವಳದು: ಇಲ್ಲಿ. ಅವನದು: ದೂರ.

"ಅಂದ್ರೆ ನಾನು ತೊಲಗಿದ್ರೆ ಸಾಕು ನಿಂಗೆ," ಎಂದಳು. "ನಾನ್ಯಾಕೆ 'ಇಲ್ಲಿ' ಅಂತ ಬರೆದೆ ಅಂತಾನಾದ್ರೂ ಕೇಳು ಮಾರಾಯ!"

ಅವನು ಎದ್ದು ಹೋಗಿ ಜೋಡಿ ಮೈಕ್ರೋಸ್ಕೋಪಿನ ದೀಪ ಹಾಕಿದ. "ಚೀಟಿ ಹೊಂದಿಲ್ಲ. ಬಾ, ಕೂತ್ಕೊ."

"ಸ್ಲೈಡೇ ಇಲ್ವಲ್ಲೋ!"

"ಬೇಡ. ಮುಖ ನೋಡ್ಕೊಂಡು ಹೇಳೋಕೆ ನನ್ನಿಂದಾಗಲ್ಲ. ಹೀಗಾದ್ರೆ ಹೇಳ್ತೀನಿ."

ಕಣ್ಣಿಟ್ಟಳು. ಬೆಳ್ಳನೆಯ ಬೆಳಕಿನ ಒಂದು ವೃತ್ತ. ಅದರ ನಡುವೆ ಜಾಗ ತೋರಿಸುವ ಸಣ್ಣ ಬಾಣದ ಗುರುತು ನಡುಗುತ್ತಿತ್ತು. ಅದರ ಹಿಡಿ ಅವನ ಕೈಯಲ್ಲಿತ್ತು.

"ಮೊದಲ ಪಟ್ಟಿಯಲ್ಲಿ ಹನ್ನೆರಡು ಸಾಲಿತ್ತು," ಎಂದ. "ಕೊನೇದು ನಾನು. ಇಲ್ಲಿಗೆ ಹತ್ತು, ಅಲ್ಲಿಗೆ ಸೊನ್ನೆ. ನನ್ನಿಂದಾಗಿ ಇಲ್ಲೀದೇ ಗೆಲ್ತಿತ್ತು. ಅದಕ್ಕೇ ಹರಿದುಹಾಕಿ ಬೇರೆ ಬರೆದೆ. ಖಾಲಿ ವಾರ್ಡ್ ನೋಡಿದಾಗೆಲ್ಲ ನಿಂಗೆ ನನ್ನ ಮುಖ ನೆನಪಾಗೋದು ಬೇಡ ಅಂತ."

"ಇದನ್ನ ಮೊದಲೇ ಹೇಳೋಕೆ ಏನು ದಾಡಿ ಬಂದಿತ್ತು?"

"ತೂಗ್ತಿದ್ದೆ."

ಅವಳಿಗೆ ಹೊಡೆಯಬೇಕೆನ್ನಿಸಿತು. ನಗು ಬಂತು. ಕಣ್ಣೀರಿಗೆ ಆ ಬಿಳಿ ವೃತ್ತ ಕಲಸಿಹೋಯಿತು.

"ಹದಿನಾಲ್ಕು ಗಂಟೆ ಕಣೋ."

"ಹದಿಮೂರು ಮುಕ್ಕಾಲು. ತಿಂಗಳಿಗೆರಡು ಸಲ ಬರ್ತೀನಿ. ರೈಲಿನ ಟೈಮ್ ಬರೆದಿಟ್ಕೊಂಡಿದೀನಿ."

ಅವಳು ಎದ್ದು ಗ್ರಾಫ್ ಹಾಳೆ ತಂದು, ಕೊನೆಯಲ್ಲಿ ಹನ್ನೆರಡನೇ ಸಾಲು ಎಳೆದು 'ತಕ್ಕಡಿ' ಎಂದು ಬರೆದಳು. ಇಲ್ಲಿಗೆ ಹತ್ತು. ಅಲ್ಲಿಗೂ ಹತ್ತು.

"ಈಗ ಕೂಡು."

ಅವನು ತನ್ನ ಅಭ್ಯಾಸದಂತೆ ಎರಡು ಸಲ ಕೂಡಿದ. "ದೂರದ್ದೇ," ಎಂದ.

ನಾಲ್ಕೂ ನಲವತ್ತಕ್ಕೆ ಅವಳು ಫೋನಿನಲ್ಲಿ ಒಪ್ಪಿಗೆ ಒತ್ತಿದಳು. ಬಯಸಿದ ಮಾತು ಕೇಳಿದ ದಿನವೇ ದೂರ ಹೋಗಲು ಒಪ್ಪಿದರೆ ಇಷ್ಟು ಸಿಟ್ಟು ಬರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ತಲೆ ಎತ್ತಿದಾಗ ಅವನು 'ಇಲ್ಲಿ' ಎಂಬ ಅವಳ ಚೀಟಿಯನ್ನು ಮಡಿಸಿ ಜೇಬಿಗಿಡುತ್ತಿದ್ದ.

"ಹೊಂದದ ಚೀಟಿ ಹರಿದುಹಾಕ್ಬೇಕು. ನಿಯಮ ಮಾಡಿದ್ದು ನೀನೇ."

"ಗೊತ್ತು," ಎಂದ ಅವನು. ಈ ಸಲ ತೂಗಿ ನೋಡಲಿಲ್ಲ. ನೇರವಾಗಿ ಅವಳ ಮುಖ ನೋಡಿದ. "ಇದನ್ನ ಹರಿಯಲ್ಲ."