ರಾಜನ ಪೀಠದಲ್ಲಿ ಅಪ್ಪ

ಕಾಲೇಜಿನ ಮೊದಲ ವರ್ಷದಲ್ಲಿ, ಕಾಶಿಯ ಕೇದಾರ ಘಾಟಿನ ಮೆಟ್ಟಿಲ ಮೇಲೆ ಕೂತು, ಮಾಧವಿ ಗುರುಪ್ರಕಾಶನಿಗೆ ಮಾತು ಕೊಟ್ಟಿದ್ದಳು: "ನೀನು ನಮ್ಮನೆ ಬಾಗಿಲಿಗೆ ಬರಬೇಡ. ಅಪ್ಪನಿಗೆ ನಮ್ಮ ವಿಷಯ ನಾನೇ ಹೇಳ್ತೀನಿ, ನನ್ನ ಬಾಯಿಂದಲೇ."

ಆಮೇಲೆ ಗಂಗೆ ಎಷ್ಟು ಸಲ ಆ ಮೆಟ್ಟಿಲುಗಳನ್ನು ನುಂಗಿ ಮತ್ತೆ ಬಿಟ್ಟುಕೊಟ್ಟಳೋ. ಮಾತು ಮಾತ್ರ ಗಂಟಲಲ್ಲೇ ಉಳಿದಿತ್ತು. ಅವಳದು ಶಿವಾಲ ಬಡಾವಣೆಯ ಪುರೋಹಿತರ ಮನೆ. ಅಪ್ಪ ವಿಷ್ಣುತೀರ್ಥಾಚಾರ್ಯರು ಕರ್ನಾಟಕದಿಂದ ಬಂದ ಯಾತ್ರಿಕರಿಗೆ ಶ್ರಾದ್ಧ ಮಾಡಿಸುವವರು. ಗುರುಪ್ರಕಾಶ ಗೋದೌಲಿಯಾ ಹತ್ತಿರದ ಮಠದಲ್ಲಿ ಪೂಜೆ ಮಾಡುವ ಅಮರಯ್ಯನವರ ಮಗ, ಕೊರಳಲ್ಲಿ ಲಿಂಗ ಧರಿಸಿದವನು. ಎರಡು ಮನೆಗಳ ನಡುವೆ ಸ್ವಲ್ಪವೇ ದಾರಿ. ಸಂಬಂಧ ಮಾತ್ರ ಏಳೇಳು ಜನ್ಮಕ್ಕೂ ಆಗದ ಮಾತು.

ಈಗ ಇಬ್ಬರನ್ನೂ ಒಂದೆಡೆ ತಂದದ್ದು ಹಳಗನ್ನಡ. ಮನೆಯಲ್ಲೂ ಹಿಂದಿಯನ್ನೇ ಆಡುವ ಕಾಶಿಯ ಕನ್ನಡದ ಮಕ್ಕಳಿಗೆ ಕಾವ್ಯ ಕಲಿಸಲೆಂದು ಗುರುಪ್ರಕಾಶ ಊರೊಳಗಿನ ಲಂಕಾ ಬಡಾವಣೆಯ ಕೋಚಿಂಗ್ ಸೆಂಟರೊಂದರ ಮಹಡಿಯಲ್ಲಿ ಕಂಪ್ಯೂಟರಿನ ಅರಮನೆ ಕಟ್ಟಿದ್ದ. ಕಣ್ಣಿಗೆ ಹೆಡ್‌ಸೆಟ್ ಹಾಕಿಕೊಂಡರೆ ಸಾಕು, ಸುತ್ತಲೂ ಕಂಬ, ದೀಪ, ತುಂಬಿದ ಸಭೆ. ಮಕ್ಕಳು ಒಳಗೆ ಓಡಾಡಿ ಯಾರನ್ನು ಬೇಕಾದರೂ ಮಾತಾಡಿಸಬಹುದು. ಕಾವ್ಯದಲ್ಲಿ ಒಲಿದವನ ಹೆಸರು ಹೇಳಲಾರದೆ, ಅಪ್ಪ ತೋರಿಸಿದವನಿಗೆ ಮಾಲೆ ಹಾಕುವ ರಾಜಕುಮಾರಿಗೆ ದನಿ, ಪಾಠ ಹೇಳುವ ಮಾಧವಿಯದು. ಪಕ್ಕದ ಕೋಣೆಯಲ್ಲಿ ಮೈಕ್ ಮುಂದೆ ಕೂತು ಅವಳೇ ಉತ್ತರ ಕೊಡಬೇಕು.

"ದೀದೀ, ಯೇ ಬೋಲ್ತೀ ಕ್ಯೋಂ ನಹೀಂ?" ರಾಜಕುಮಾರಿ ಯಾಕೆ ಬಾಯಿ ಬಿಡುವುದಿಲ್ಲವೆಂದು ಪಾಠಕ್ಕೆ ಬರುವ ಪುಟ್ಟ ಸಾತ್ವಿಕಾ ಒಂದು ದಿನ ಕೇಳಿದ್ದಳು. "ಹೇಳಿದ್ರೆ ಅಪ್ಪ ಏನ್ ತಿಂದ್ಬಿಡ್ತಾರಾ?"

ಗುರು ನಗು ತಡೆಯುತ್ತ ಮಾಧವಿಯತ್ತ ನೋಡಿದ. "ನಾನೂ ಅದನ್ನೇ ಕೇಳ್ತಾ ಇದೀನಿ, ಟೀಚರ್."

"ಕೇಬಲ್ ನೋಡು, ನನ್ನ ಮುಖ ಅಲ್ಲ."

ಅವನು ಕೇಬಲ್ ನೋಡಲಿಲ್ಲ. ಅವಳ ಕಿವಿಯ ತುದಿ ಕೆಂಪಾಗುವವರೆಗೂ ನೋಡಿ, ಬೇಕೆಂದೇ ಹೆಡ್‌ಫೋನನ್ನು ಓರೆಯಾಗಿ ಅವಳ ತಲೆಗೇರಿಸಿದ.

ಆ ನಗು ಈ ವಾರ ಇರಲಿಲ್ಲ. ಪ್ರಯಾಗದಿಂದ, ಅಪ್ಪ ಮಾಧವಿಗೆ ನೋಡಿದ್ದ ವರ ಸಂಕರ್ಷಣನ ಮನೆಯವರು ನಾಳೆ ನಿಶ್ಚಯಕ್ಕೆ ಬರುವವರಿದ್ದರು.

"ಇವತ್ತು ಹೇಳದಿದ್ರೆ ಇನ್ನು ಯಾವತ್ತೂ ಹೇಳಲ್ಲ ನೀನು," ಎಂದ ಗುರು. "ನಾನು ಬರ್ಲಾ?"

"ಬೇಡ. ಮಾತು ಕೊಟ್ಟೋಳು ನಾನು."

ಅಷ್ಟರಲ್ಲಿ ಮೆಟ್ಟಿಲಲ್ಲಿ ಕೆಮ್ಮು ಕೇಳಿಸಿತು. ವಿಷ್ಣುತೀರ್ಥಾಚಾರ್ಯರು. ಮಗಳು ಬೇರೆ ಮನೆ ಸೇರುವ ಮುಂಚೆ ಅವಳ ಪಾಠವನ್ನೊಮ್ಮೆ ನೋಡಬೇಕು ಅನಿಸಿತಂತೆ.

"ಏನಪ್ಪಾ ಇದು, ಎಕ್ಕಾ ಗಾಡಿ ಕುದುರೆಗೆ ಕಣ್ಣುಪಟ್ಟಿ ಕಟ್ಟಿದ ಹಾಗೆ," ಎನ್ನುತ್ತಲೇ ಹೆಡ್‌ಸೆಟ್ ಹಾಕಿಸಿಕೊಂಡರು. ಗುರು ಅವರನ್ನು ಅರಮನೆಯೊಳಗಿನ ರಾಜನ ಪೀಠದಲ್ಲಿ ಕೂರಿಸಿದ. ಪಕ್ಕದ ಕೋಣೆಗೆ ಬಂದು ಮೈಕನ್ನು ಮಾಧವಿಯತ್ತ ಸರಿಸಿದ.

ಎರಡು ಕೋಣೆಗಳ ನಡುವಿನ ಗಾಜಿನಾಚೆ ಅಪ್ಪ ಕುರುಡರಂತೆ ಕೈ ಚಾಚಿದ್ದರು. ಅರಮನೆಯಲ್ಲಿ ಆ ಕೈ ರಾಜಕುಮಾರಿಯ ತಲೆಯ ಮೇಲಿತ್ತು. ಮನೆಯಲ್ಲಿ ಎಂದೂ ಕೇಳದ ಮೆತ್ತನೆಯ ದನಿಯಲ್ಲಿ ಕೇಳಿದರು: "ಮಗಳೇ, ನಿನ್ನ ಮನಸ್ಸಲ್ಲಿ ಯಾರಾದ್ರೂ ಇದಾರೇನು? ಹೇಳಮ್ಮ. ನಾನೇನೂ ಅನ್ನೋದಿಲ್ಲ."

ಹೇಳು, ಎಂದು ಗುರುವಿನ ತುಟಿ ಅಲುಗಿತು.

ಮಾಧವಿ ಬಾಯಿ ತೆರೆದಳು. ಅಪ್ಪನ ಆ ಮೆತ್ತನೆಯ ದನಿ ಅವಳಿಗಾಗಿ ಬಂದದ್ದಲ್ಲ. ಅದು ರಾಜಕುಮಾರಿಗೆಂದೇ ಹುಟ್ಟಿದ ದನಿ. ನಿಜ ಹೇಳಿದ ಮರುಕ್ಷಣ ಅಪ್ಪ ಹೆಡ್‌ಸೆಟ್ ಕಿತ್ತೆಸೆದು ಶಿವಾಲದ ಆಚಾರ್ಯರಾಗಿಬಿಡುತ್ತಾರೆ. ಇನ್ನೊಂದು ಗಳಿಗೆ ಆ ಕೈ ತಲೆಯ ಮೇಲಿರಲಿ ಎಂದು ಅವಳಿಗೆ ಆಸೆಯಾಯಿತು.

"ತಮ್ಮ ಇಷ್ಟವೇ ನನ್ನ ಇಷ್ಟ," ಎಂದಳು, ಕಾವ್ಯದಲ್ಲಿದ್ದ ಹಾಗೆಯೇ.

ಗುರು ಎದ್ದು ಗೋಡೆಯ ಕಡೆ ಮುಖಮಾಡಿ ನಿಂತ.

ಹೆಡ್‌ಸೆಟ್ ತೆಗೆದಾಗ ಆಚಾರ್ಯರ ಕಣ್ಣು ಒದ್ದೆಯಾಗಿತ್ತು. ಉತ್ತರೀಯದಿಂದ ಒರೆಸಿಕೊಂಡರು. "ಪಾಪದ ಹುಡುಗಿ. ಅಷ್ಟು ಕೇಳಿದೆ ನಾನು. ಒಂದು ಮಾತು ಹೇಳಬಹುದಿತ್ತಲ್ಲ?" ಆಮೇಲೆ ಗುರುವಿಗೆ, "ಚೆನ್ನಾಗಿ ಕಟ್ಟಿದೀಯಪ್ಪ. ಅಮರಯ್ಯನೋರಿಗೆ ನಾನು ಕೇಳಿದೆ ಅಂತ ಹೇಳು," ಎಂದರು.

"ಆಗಲಿ, ಆಚಾರ್ಯರೇ," ಎಂದ ಗುರು.

ಮಾಧವಿ ಅಪ್ಪನ ಹಿಂದೆ ಮೆಟ್ಟಿಲಿಳಿದಳು. ಲಂಕಾದಿಂದ ಶಿವಾಲದವರೆಗೂ ಇ-ರಿಕ್ಷಾದಲ್ಲಿ ಅವರ ಪಕ್ಕದಲ್ಲೇ, ಮೊಣಕೈ ತಾಗುವಷ್ಟು ಹತ್ತಿರ ಕೂತಿದ್ದಳು. ಅಪ್ಪ ನಾಳೆಗೆ ಬೇಕಾದ ಹೂವಿನ ಮಾತಾಡುತ್ತಿದ್ದರು. ಅವಳು ಹೂಂಗುಟ್ಟಿದಳು.

ಮಾರನೆಯ ದಿನ ನಿಶ್ಚಯವಾಯಿತು. ಗುರುಪ್ರಕಾಶನಿಗೆ ಕೊಟ್ಟ ಮಾತಿಗೆ ಅವಳು ತಪ್ಪಿದಳು.